ಮಗ್ಗುಲು ಬದಲಿಸುವುದೂ ಚಿಕಿತ್ಸೆಯೇ

ರಾತ್ರಿ ಕರು ಹಾಕಿದ ಸೀಮೆಹಸು ಬೆಳಿಗ್ಗೆ ಏಳುವುದಿಲ್ಲ. ಕಿವಿ ತಣ್ಣಗಿದೆ, ಕುತ್ತಿಗೆ ಹೊಟ್ಟೆಯ ಕಡೆಗೆ ಮಡಚಿಕೊಂಡಿದೆ. ಹಾಲು ಜ್ವರ ಅಂತ ನೋಡಿದವರೆಲ್ಲ ಹೇಳುತ್ತಾರೆ. ಪಶುವೈದ್ಯರು ಬಂದು, ರಕ್ತದಲ್ಲಿ ಕುಸಿದ ಕ್ಯಾಲ್ಸಿಯಂ ಸರಿಪಡಿಸಲು ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ಬಾಟಲಿ ಖಾಲಿಯಾಗುವ ಹೊತ್ತಿಗೆ ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಮುಂದಿಟ್ಟ ಹುಲ್ಲಿಗೆ ಬಾಯಿ ಹಾಕುತ್ತದೆ. ಹೀಗೆ ಚೇತರಿಸಿಕೊಂಡ ಹಸುಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಕೆಲವು ಮಾತ್ರ ಏಳುವುದಿಲ್ಲ. ಕಣ್ಣಲ್ಲಿ ಕಳೆ ಇದೆ, ಮೇವು ತಿನ್ನುತ್ತಿದೆ, ಮುಂಗಾಲು ಊರಿ ತೆವಳಲು ನೋಡುತ್ತದೆ, ಹಿಂಭಾಗ ಮಾತ್ರ ಮೇಲೇಳದು. ‘ಇನ್ನೊಂದು ಬಾಟಲಿ ಏರಿಸಿ ಡಾಕ್ಟ್ರೇ’ ಎಂದು ಮನೆಯವರು ಕೇಳಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ತೊಂದರೆ ರಕ್ತದಿಂದ ಕಾಲಿಗೆ ಇಳಿದುಬಿಟ್ಟಿರುತ್ತದೆ.

ನಾನೂರು ಐನೂರು ಕಿಲೋ ತೂಗುವ ದೇಹ ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಅಡಿಯಲ್ಲಿ ಸಿಕ್ಕಿಕೊಂಡ ಹಿಂಗಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ತೊಡೆಯ ದಪ್ಪ ಸ್ನಾಯುಗಳ ಸುತ್ತ ಹಿಗ್ಗದ ಪೊರೆಯೊಂದಿದೆ. ಒಳಗೆ ಬಾವು ಬಂದರೆ ಅದು ಹೊರಕ್ಕೆ ಹಿಗ್ಗಲಾಗದೆ ಒಳಕ್ಕೇ ಒತ್ತುತ್ತದೆ. ರಕ್ತದ ಹರಿವು ಇನ್ನಷ್ಟು ಕುಗ್ಗಿ ಸ್ನಾಯು ಸಾಯುತ್ತ ಹೋಗುತ್ತದೆ, ನರ ಮರಗಟ್ಟುತ್ತದೆ. ಅಮೆರಿಕದ ಮಿನೆಸೋಟದ ಸಂಶೋಧಕರು 1982ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಆರೋಗ್ಯವಾಗಿದ್ದ ಹಸುಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲು ದೇಹದಡಿ ಇರುವಂತೆ 6, 9, 12 ಗಂಟೆಗಳ ಕಾಲ ಮಲಗಿಸಿದರು. ಯಾವ ಕಾಯಿಲೆಯೂ ಇರದಿದ್ದ ಆ ಹಸುಗಳಲ್ಲಿ ಕೆಲವು ಆಮೇಲೆ ಏಳಲೇ ಇಲ್ಲ. ಮಲಗಿದ್ದೇ ಅವಕ್ಕೆ ಕಾಯಿಲೆಯಾಗಿತ್ತು.

ಹಾಗಾದರೆ ನೆಲ ಹಿಡಿದ ಹಸುವಿನ ಪಾಲಿಗೆ ಮೊದಲ ದಿನವೇ ನಿರ್ಣಾಯಕ. ಆ ದಿನ ಬೇಕಾದ ಚಿಕಿತ್ಸೆ ಯಾವ ಔಷಧದಂಗಡಿಯಲ್ಲೂ ಸಿಗುವುದಿಲ್ಲ. ಮೊದಲು ಅದನ್ನು ಸಿಮೆಂಟ್ ನೆಲದಿಂದ ಮೆತ್ತಗಿನ ಜಾಗಕ್ಕೆ ಸಾಗಿಸಬೇಕು. ಮರಳಾದರೆ ಒಳ್ಳೆಯದು, ಕನಿಷ್ಠ ಒಂದಡಿ ದಪ್ಪ. ಇಲ್ಲವಾದರೆ ಒಣಹುಲ್ಲು, ಕಬ್ಬಿನ ತರಗು, ಕೊನೆಗೆ ಹಿತ್ತಲಿನ ಸಡಿಲ ಮಣ್ಣಾದರೂ ಆದೀತು. ಪೂರ್ತಿ ಅಡ್ಡಕ್ಕೆ ಕೆಡವದೆ ಎದೆಯ ಮೇಲೆ ಕೂರಿಸಬೇಕು, ಹುಲ್ಲು ತುಂಬಿದ ಗೋಣಿಚೀಲವನ್ನು ಭುಜಕ್ಕೆ ಒತ್ತು ಕೊಡಬೇಕು. ಅಡ್ಡ ಬಿದ್ದ ಹಸುವಿಗೆ ಹೊಟ್ಟೆಯುಬ್ಬರ ಬೇರೆ ಸೇರಿಕೊಳ್ಳುತ್ತದೆ. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಮಗ್ಗುಲು ಬದಲಿಸಬೇಕು. ಇಬ್ಬರು ಸೊಂಟ ದೂಡುವಾಗ ಇನ್ನೊಬ್ಬರು ಅಡಿಗೆ ಸಿಕ್ಕ ಹಿಂಗಾಲನ್ನು ಎಳೆದು ಈಚೆಗೆ ತರಬೇಕು. ಬಾಲ ಹಿಡಿದೆಳೆಯುವುದು, ತಿರುಚುವುದು, ಕಿವಿಯಲ್ಲಿ ಕೂಗುವುದು ಇದರಲ್ಲಿ ಸೇರಿಲ್ಲ. ಪ್ರತಿ ಸಲ ಹೊರಳಿಸಿದಾಗಲೂ ಅಡಿಯಿದ್ದ ಕಾಲನ್ನು ಗೊರಸಿನಿಂದ ತೊಡೆಯವರೆಗೆ ಚೆನ್ನಾಗಿ ತಿಕ್ಕಬೇಕು, ಕೀಲುಗಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಹೆರಿಗೆಯಲ್ಲಿ ಕರು ಸಿಕ್ಕಿಕೊಂಡು ಒಳತೊಡೆಯ ನರಕ್ಕೆ ಪೆಟ್ಟಾಗಿದ್ದರೆ ಹಿಂಗಾಲುಗಳು ಎರಡು ಕಡೆಗೆ ಜಾರಿ ಸೀಳಿಕೊಳ್ಳುತ್ತವೆ. ಅಂಥ ಹಸುವಿನ ಎರಡೂ ಹಿಂಗಾಲುಗಳನ್ನು ಬಟ್ಟೆ ಸುತ್ತಿದ ಹಗ್ಗದಿಂದ ನಡುವೆ ಎರಡಡಿಯಷ್ಟು ಬಿಟ್ಟು ಕಟ್ಟಿದರೆ ಏಳುವಾಗ ಕಾಲು ಅಗಲಿಸಿ ಬೀಳುವುದು ತಪ್ಪುತ್ತದೆ.

ಎತ್ತಿ ನಿಲ್ಲಿಸುವ ಕೆಲಸವೂ ಇದೆ. ಹೊಟ್ಟೆಯಡಿ ಗೋಣಿಚೀಲ ಹಾಸಿ, ಎರಡು ಕಡೆ ಬಿದಿರಿನ ಗಳ ಕಟ್ಟಿ, ಆರೇಳು ಜನ ಹೆಗಲು ಕೊಟ್ಟು ಎತ್ತುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಸೊಂಟದ ಮೂಳೆಗೆ ಕಚ್ಚಿಸಿ ಸರಪಳಿಯಿಂದ ಎತ್ತುವ ಕಬ್ಬಿಣದ ಹಿಡಿಕೆಯೂ ಉಂಟು. ಎತ್ತುವುದು ಹಸು ತನ್ನ ಕಾಲ ಮೇಲೆ ತಾನೇ ಒಂದಿಷ್ಟು ಭಾರ ಬಿಡಲಿ ಎಂದು. ನೇತುಹಾಕಿ ಬಿಡಲಿಕ್ಕಲ್ಲ ಎಂಬುದು ಮಾತ್ರ ಬಹಳ ಕಡೆ ಮರೆತುಹೋಗುತ್ತದೆ. ಕಾಲು ಊರಲು ಪ್ರಯತ್ನಿಸುತ್ತಿದ್ದರೆ ಕೆಲವು ನಿಮಿಷ ನಿಲ್ಲಿಸಿ ಮತ್ತೆ ಇಳಿಸಬೇಕು. ಜೋತುಬಿದ್ದರೆ ತಕ್ಷಣ ಇಳಿಸಬೇಕು. ಇಡೀ ದಿನ ಸೊಂಟದಿಂದ ತೂಗುಹಾಕಿದ ಹಸುವಿಗೆ ಮೊದಲಿನ ಗಾಯದ ಮೇಲೆ ಇನ್ನೊಂದು ಗಾಯವಾಗುತ್ತದೆ ಅಷ್ಟೆ. ಪಾಶ್ಚಾತ್ಯ ದೇಶಗಳ ಕೆಲವು ದೊಡ್ಡ ಡೇರಿಗಳಲ್ಲಿ ಹಸುವನ್ನು ಬೆಚ್ಚನೆಯ ನೀರಿನ ತೊಟ್ಟಿಯೊಳಗೆ ಸೇರಿಸಿ ನಿಲ್ಲಿಸುತ್ತಾರೆ. ನೀರೇ ಅದರ ಭಾರ ಹೊರುತ್ತದೆ.

ಇಷ್ಟನ್ನೂ ಒಟ್ಟಿಗೆ ಸೇರಿಸಿದರೆ ಅದೇ ಫಿಸಿಯೋಥೆರಪಿ. ಕೊಟ್ಟಿಗೆಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ‘ಪ್ರಾಣಿಗೂ ಫಿಸಿಯೋಥೆರಪಿಯಾ?’ ಎಂದು ನಗುವವರ ಕಣ್ಣಿಗೆ ಬರುವ ಚಿತ್ರವೇ ಬೇರೆ: ನಗರದ ಕ್ಲಿನಿಕ್ಕಿನ ಗಾಜಿನ ತೊಟ್ಟಿ, ಅದರೊಳಗೆ ನೀರು, ನೀರಿನಡಿ ಉರುಳುವ ಟ್ರೆಡ್‌ಮಿಲ್, ಅದರ ಮೇಲೆ ಹೆಜ್ಜೆ ಹಾಕುವ ಲ್ಯಾಬ್ರಡಾರ್, ಹೊರಗೆ ಮೊಬೈಲ್ ಹಿಡಿದು ನಿಂತ ಯಜಮಾನ. ಉಳ್ಳವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆ ತೊಟ್ಟಿಯ ಲೆಕ್ಕ ಮಾತ್ರ ಶೋಕಿಯದ್ದಲ್ಲ. ನಾಯಿಗಳನ್ನು ನೀರಿನಲ್ಲಿ ನಿಲ್ಲಿಸಿ ಕಾಲಿನ ಮೇಲೆ ಬೀಳುವ ಭಾರ ಅಳೆದವರಿದ್ದಾರೆ. ಹಿಂಗಾಲಿನ ಗಿಣ್ಣಿನವರೆಗೆ ನೀರಿದ್ದರೆ ನೆಲದ ಮೇಲಿನ ಭಾರದ ಶೇ 91ರಷ್ಟು, ಮಂಡಿಯವರೆಗಿದ್ದರೆ ಶೇ 85, ಸೊಂಟದವರೆಗಿದ್ದರೆ ಬರೀ ಶೇ 38. ಮಂಡಿಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದ ನಾಯಿ ನೋವಿಗೆ ಹೆದರಿ ಆ ಕಾಲನ್ನು ಎತ್ತಿಕೊಂಡೇ ಓಡಾಡುತ್ತದೆ. ಎತ್ತಿದ ಕಾಲಿನ ತೊಡೆ ನೋಡನೋಡುತ್ತ ಬತ್ತುತ್ತದೆ. ನೀರಿನಲ್ಲಿ ಭಾರ ಕಡಿಮೆಯಾದ್ದರಿಂದ ಅದು ಕಾಲೂರುವ ಧೈರ್ಯ ಮಾಡುತ್ತದೆ. ನೀರಿನ ಮಟ್ಟವನ್ನು ದಿನದಿನಕ್ಕೆ ಇಳಿಸುತ್ತ ಹೋದರೆ ಕಾಲು ಮತ್ತೆ ತನ್ನ ಭಾರಕ್ಕೆ ಒಗ್ಗಿಕೊಳ್ಳುತ್ತದೆ.

ಈ ವಿದ್ಯೆ ಶುರುವಾದದ್ದು ನಾಯಿಗಳಿಂದಲ್ಲ, ಕುದುರೆಗಳಿಂದ. ಭಾರತದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್‌ಗೆ ಚಿಕಿತ್ಸೆ ನೀಡುತ್ತಿದ್ದ ಚಾರ್ಲ್ಸ್ ಸ್ಟ್ರಾಂಗ್ ಎಂಬ ಇಂಗ್ಲಿಷ್ ಫಿಸಿಯೋಥೆರಪಿಸ್ಟ್, ಮನುಷ್ಯರಿಗೆ ಮಾಡುತ್ತಿದ್ದುದನ್ನೇ ಪೋಲೋ ಕುದುರೆಗಳಿಗೂ ಮಾಡಿ ಹೆಸರಾದರು. ಬ್ರಿಟನ್ನಿನಲ್ಲಿ 1962ರ ಆದೇಶವೊಂದು, ಪಶುವೈದ್ಯರ ನಿರ್ದೇಶನದಲ್ಲಿ ಬೇರೆಯವರೂ ಪ್ರಾಣಿಗಳಿಗೆ ಫಿಸಿಯೋಥೆರಪಿ ಮಾಡಬಹುದೆಂದು ಒಪ್ಪಿತು. ಅಮೆರಿಕ ತಡವಾಗಿ ಎದ್ದಿತು. ಪ್ರಾಣಿಗಳ ಕ್ರೀಡಾ ವೈದ್ಯಕೀಯ ಮತ್ತು ಪುನಶ್ಚೇತನವನ್ನು ಅಲ್ಲಿ ಪಶುವೈದ್ಯಕೀಯದ ಪ್ರತ್ಯೇಕ ತಜ್ಞ ವಿಭಾಗವಾಗಿ ಮಾನ್ಯ ಮಾಡಿದ್ದು 2010ರಲ್ಲಿ.

ಅದೇ ಕುದುರೆಗಳ ಲೋಕದಲ್ಲಿ ಇನ್ನೊಂದು ಚಿಕಿತ್ಸೆಯೂ ಶತಮಾನಗಳಿಂದ ನಡೆದುಬಂದಿತ್ತು. ಓಟದಲ್ಲಿ ಕಾಲಿನ ಸ್ನಾಯುರಜ್ಜು ಉಳುಕಿದರೆ ಕಾಯಿಸಿದ ಕಬ್ಬಿಣದಿಂದ ಅದರ ಮೇಲೆ ಬರೆ ಎಳೆಯುವುದು. ಸುಟ್ಟ ಗಾಯ ಮಾಯುವಾಗ ಒಳಗಿನ ಗಾಯವೂ ಗಟ್ಟಿಯಾಗಿ ಮಾಯುತ್ತದೆ ಎಂಬ ನಂಬಿಕೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಇದನ್ನು ಪರೀಕ್ಷೆಗೊಡ್ಡಿ 1983ರಲ್ಲಿ ಫಲಿತಾಂಶ ಪ್ರಕಟಿಸಿತು: ಬರೆಯಿಂದ ರಜ್ಜುವಿಗೆ ಏನೂ ಲಾಭವಿಲ್ಲ. ಗುಣವಾದ ಕುದುರೆಗಳಿಗೆ ಲಾಭ ತಂದದ್ದು ಬರೆ ಹಾಕಿದ ಮೇಲೆ ಸಿಗುತ್ತಿದ್ದ ತಿಂಗಳುಗಟ್ಟಲೆಯ ವಿರಾಮ. 1991ರಲ್ಲಿ ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು ಅದನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸಾರಿತು.

ನಮ್ಮ ಹಳ್ಳಿಗಳ ದನಗಳ ಮೈಮೇಲೆ ಇವತ್ತಿಗೂ ಆ ಗುರುತುಗಳಿವೆ. ಕುಂಟುವ ಎತ್ತಿನ ಭುಜದ ಮೇಲೆ, ಸೊಂಟದ ಮೇಲೆ ಗೀಟು, ಚಕ್ರ, ಅಡ್ಡಗೆರೆಯ ಬರೆಗಳು. ಬರೆ ಹಾಕಿದ ಎತ್ತಿಗೆ ನೊಗ ಹೂಡುವುದಿಲ್ಲ, ನೆರಳಲ್ಲಿ ಕಟ್ಟಿ ಮೇವು ಹಾಕುತ್ತಾರೆ. ಕೆಲವು ವಾರಗಳಲ್ಲಿ ಕುಂಟು ಹೋದರೆ ಬರೆಗೆ ಕೀರ್ತಿ ಸಲ್ಲುತ್ತದೆ. ಬರೆಯಿಲ್ಲದ ವಿಶ್ರಾಂತಿ ಕೊಟ್ಟು, ಮೊದಲ ಎರಡು ದಿನ ತಣ್ಣೀರು ಬಟ್ಟೆ, ಆಮೇಲೆ ಬಿಸಿ ಶಾಖ, ಬಾವು ಇಳಿದ ಮೇಲೆ ಮೆತ್ತಗಿನ ನೆಲದಲ್ಲಿ ದಿನಕ್ಕಿಷ್ಟು ಎಂದು ಹೆಚ್ಚಿಸುತ್ತ ನಡೆಸಿದ್ದರೆ ಎತ್ತು ಸುಟ್ಟ ನೋವಿಲ್ಲದೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಇದನ್ನು ಹೇಳಿದರೆ ‘ನಮ್ಮಜ್ಜನ ಕಾಲದಿಂದ ನಡೆದುಬಂದಿದೆ’ ಎಂಬ ಉತ್ತರ ಬರುತ್ತದೆ. ಅಜ್ಜನ ಕಾಲದಿಂದ ಬಂದದ್ದೆಲ್ಲ ಕೆಟ್ಟದ್ದೇನಲ್ಲ. ತುಳುನಾಡಿನ ಕಂಬಳದ ಕೋಣಗಳಿಗೆ ಹುರುಳಿ ತಿನ್ನಿಸಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸುವವರು ಗಾಜಿನ ತೊಟ್ಟಿಯ ತತ್ತ್ವವನ್ನು ಹೆಸರಿಲ್ಲದೆ ಪಾಲಿಸುತ್ತಿದ್ದಾರೆ: ಗೊರಸಿಗೆ ಪೆಟ್ಟಿಲ್ಲದೆ ಸ್ನಾಯುವಿಗೆ ಕೆಲಸ.

ಆನೆಗಳದ್ದು ಇನ್ನೂ ಸ್ಪಷ್ಟ. ಮೂರು ನಾಲ್ಕು ಟನ್ ತೂಗುವ ಪ್ರಾಣಿ ಕಾಂಕ್ರೀಟಿನ ಮೇಲೆ ವರ್ಷಗಟ್ಟಲೆ ಸರಪಳಿಯಲ್ಲಿ ನಿಂತರೆ ಅಂಗಾಲಿಗೆ ಕೀವು ತುಂಬುತ್ತದೆ, ಕೀಲುಗಳು ಸವೆಯುತ್ತವೆ. ಉತ್ತರ ಪ್ರದೇಶದ ಮಥುರಾ ಬಳಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ 2018ರಲ್ಲಿ ಆನೆಗಳಿಗೆಂದೇ ತೆರೆದ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಹೆಚ್ಚಿನವು ಇಂಥವೇ. ಭಿಕ್ಷೆಗೆ, ಮದುವೆ ಮೆರವಣಿಗೆಗೆ, ಸರ್ಕಸ್ಸಿಗೆ ದುಡಿದು ಬಂದವು. ಅಲ್ಲಿ ಲೇಸರ್ ಇದೆ, ಎಕ್ಸ್-ರೇ ಇದೆ, ಆನೆ ಇಳಿದು ತೇಲಬಲ್ಲ ಕೊಳವೂ ಇದೆ. ನಮ್ಮ ಸಕ್ರೆಬೈಲು, ದುಬಾರೆಯ ಆನೆ ಶಿಬಿರಗಳಲ್ಲಿ ಆ ಕೊಳ ಬಿಟ್ಟಿ ಸಿಕ್ಕಿದೆ. ತುಂಗೆಯ ಹಿನ್ನೀರಿನಲ್ಲಿ, ಕಾವೇರಿಯ ಮಡುವಿನಲ್ಲಿ ಮಾವುತ, ಕಾವಾಡಿ ಬೆಳಿಗ್ಗೆ ಆನೆಯನ್ನು ಮಗ್ಗುಲಿಗೆ ಮಲಗಿಸಿ ತಿಕ್ಕುವುದು ಪ್ರವಾಸಿಗರ ಕಣ್ಣಿಗೆ ಬರೀ ಸ್ನಾನ. ತಿಕ್ಕುತ್ತ ಕಾವಾಡಿಯ ಕೈ ಉಗುರಿನ ಬುಡ, ಅಂಗಾಲಿನ ಬಿರುಕು, ಮೊಣಕಾಲಿನ ಬಾವನ್ನೆಲ್ಲ ಮುಟ್ಟಿ ನೋಡಿಬಂದಿರುತ್ತದೆ. ರಾತ್ರಿ ಕಾಡಿಗೆ ಮೇಯಲು ಬಿಟ್ಟಾಗ ಮೆತ್ತನೆಯ ನೆಲದಲ್ಲಿ ನಡಿಗೆಯೂ ಆಗುತ್ತದೆ. ಶಿಬಿರದ ಆನೆಗೂ ದೇವಸ್ಥಾನದ ಕಲ್ಲುಹಾಸಿನ ಮೇಲೆ ನಿಂತೇ ಮುದಿಯಾದ ಆನೆಗೂ ಕಾಲಿನಲ್ಲಿ ಕಾಣುವ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇದೇ. ದೇವಸ್ಥಾನಗಳ ಆಡಳಿತ ಮಂಡಳಿಗಳು ಆನೆಗೆ ಬೆಳ್ಳಿಯ ಗಂಟೆ ಮಾಡಿಸುವ ಮೊದಲು ಒಂದು ಲಾರಿ ಲೋಡು ಮರಳು ತರಿಸುವುದು ವಾಸಿ.

ಇಷ್ಟು ಹೇಳಿದ ಮೇಲೆ ಉತ್ಸಾಹಕ್ಕೆ ಸ್ವಲ್ಪ ಕಡಿವಾಣವೂ ಬೇಕು. ಫಿಸಿಯೋಥೆರಪಿಯ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಕೆಲಸ ಮಾಡುತ್ತದೆ ಎಂದಲ್ಲ. ಬೆನ್ನುಹುರಿ ನಿಧಾನವಾಗಿ ಕ್ಷಯಿಸುತ್ತ ಹೋಗುವ, ಮದ್ದಿಲ್ಲದ ಕಾಯಿಲೆಯೊಂದು ಜರ್ಮನ್ ಶೆಫರ್ಡ್‌ನಂಥ ನಾಯಿಗಳಿಗೆ ಬರುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ 22 ನಾಯಿಗಳ ದಾಖಲೆ ನೋಡಿ 2006ರಲ್ಲಿ ಬರೆದ ವರದಿಯ ಪ್ರಕಾರ, ದಿನವೂ ತೀವ್ರ ವ್ಯಾಯಾಮ ಸಿಕ್ಕವು ಸರಾಸರಿ 255 ದಿನ, ಸಾಧಾರಣ ಮಟ್ಟದಲ್ಲಿ ಸಿಕ್ಕವು 130 ದಿನ, ಏನೂ ಸಿಗದವು 55 ದಿನ ಬದುಕಿದವು. ದೊಡ್ಡ ಅಂತರವೇ. ಆದರೆ ನಾಯಿಗಳನ್ನು ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಹೆಚ್ಚು ಕಾಳಜಿಯ ಮಾಲೀಕರ ನಾಯಿಗಳೇ ಮೊದಲ ಗುಂಪಿನಲ್ಲಿದ್ದಿರಬಹುದು. ಚೀಟಿ ಎತ್ತಿ ಮಾಡಿದ ಪರೀಕ್ಷೆಯೂ ಒಂದಿದೆ. ಬೆನ್ನಿನ ಡಿಸ್ಕ್ ಜಾರಿ ಶಸ್ತ್ರಚಿಕಿತ್ಸೆಯಾದ 30 ನಾಯಿಗಳಲ್ಲಿ ಅರ್ಧಕ್ಕೆ ಸಾಮಾನ್ಯ ಆರೈಕೆ, ಇನ್ನರ್ಧಕ್ಕೆ ಎರಡು ವಾರ ತೀವ್ರ ಫಿಸಿಯೋಥೆರಪಿ ಕೊಟ್ಟು ನೋಡಿದ ಅಮೆರಿಕದ ನಾರ್ತ್ ಕೆರೊಲಿನಾದ ತಂಡಕ್ಕೆ, ನಡಿಗೆ ಮರಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೊಂದರೆಯೂ ಆಗಲಿಲ್ಲ. ಕಾಲಿನಲ್ಲಿ ಒಂದಿಷ್ಟಾದರೂ ಚೈತನ್ಯ ಉಳಿದಿದ್ದ ನಾಯಿಗಳವು. ಮೂಲಭೂತ ಆರೈಕೆಯಲ್ಲೇ ಎದ್ದು ನಡೆದವು. ದುಬಾರಿ ಪ್ಯಾಕೇಜು ಮಾರುವವರು ಈ ಎರಡನೆಯ ಅಧ್ಯಯನದ ಮಾತೆತ್ತುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಅನ್ನದ ತಟ್ಟೆಯಲ್ಲೇ ಇದೆ, ಅದಕ್ಕೇ ಏನೋ ಯಾರಿಗೂ ರುಚಿಸುವುದಿಲ್ಲ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಗಳಾಗಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಹಾಕುತ್ತ ಜೀವಮಾನವಿಡೀ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತೆಳ್ಳಗಿದ್ದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುನೋವಿಗೆ ಮದ್ದು ಬೇಕಾದದ್ದೂ ತಡವಾಗಿ. ನಮ್ಮ ಮನೆಗಳಲ್ಲಿ ನಾಯಿ ದುಂಡಗಿದ್ದರೆ ಅದು ಮನೆಯ ಸಮೃದ್ಧಿಯ ಲಕ್ಷಣ. ಮೇಲೆ ಬಿಸ್ಕತ್ತು, ರಸ್ಕು, ಅಜ್ಜಿ ಕದ್ದು ಕೊಡುವ ಹಾಲನ್ನ.

ಬೆಕ್ಕುಗಳ ನೋವು ಇನ್ನೂ ಕಾಣದ್ದು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ನೋಡಿದ ಅಮೆರಿಕದ ವೈದ್ಯರಿಗೆ 90ರಲ್ಲಿ ಕೀಲು ಸವೆತ ಕಂಡಿತು. ಬೆಕ್ಕು ಕುಂಟಿ ತೋರಿಸುವುದಿಲ್ಲ. ಕಪಾಟಿನ ತುದಿಗೆ ಹಾರುವುದನ್ನು ಬಿಟ್ಟು ಕುರ್ಚಿಗೆ, ಕುರ್ಚಿ ಬಿಟ್ಟು ನೆಲಕ್ಕೆ ಇಳಿಯುತ್ತದೆ. ಬೆನ್ನು ನೆಕ್ಕಿಕೊಳ್ಳಲಾಗದೆ ಅಲ್ಲಿ ಕೂದಲು ಗಂಟುಗಟ್ಟುತ್ತದೆ. ‘ವಯಸ್ಸಾಯ್ತು, ಸೋಮಾರಿಯಾಗಿದೆ’ ಎಂದು ಮನೆಯವರು ನಗುತ್ತಾರೆ. ಹತ್ತಲು ನಡುವೆ ಒಂದು ಮಣೆ, ಮಲಗಲು ಬೆಚ್ಚಗಿನ ಜಾಗ, ವೈದ್ಯರು ಬರೆದ ನೋವಿನ ಮದ್ದು (ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಮರೆಯಬಾರದು), ದಿನಕ್ಕೆರಡು ಸಲ ಆಟವಾಡಿಸಿ ಓಡಿಸುವುದು ಇಷ್ಟರಿಂದಲೇ ಬಹಳ ಬದಲಾವಣೆಯಾಗುತ್ತದೆ. ಮುದಿ ನಾಯಿಗೂ ಇದೇ ಮಾತು. ಹೊಳೆಯುವ ಗ್ರಾನೈಟ್, ಟೈಲ್ಸ್ ಅದರ ಪಾಲಿಗೆ ಜಾರುಬಂಡೆ. ಅದು ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಹಳೆಯ ಜಮಖಾನೆ ಹಾಸಿದರೂ ಸಾಕು.

ವಾಹನ ಬಡಿದು ಹಿಂಗಾಲು ಸತ್ತ ಬೀದಿನಾಯಿಗೆ ಗಾಲಿಬಂಡಿ ಕಟ್ಟಿ ಓಡಿಸುವ ವಿಡಿಯೋ ಎಲ್ಲರ ಫೋನಿಗೂ ಬಂದಿರುತ್ತದೆ. ಆ ಬಂಡಿಯ ಹಿಂದೆ ಯಾರೋ ದಿನಕ್ಕೆ ಮೂರು ನಾಲ್ಕು ಸಲ ಅದರ ಮೂತ್ರಚೀಲವನ್ನು ಕೈಯಿಂದ ಒತ್ತಿ ಖಾಲಿ ಮಾಡುತ್ತಿರುತ್ತಾರೆ, ಉಜ್ಜಿ ಹುಣ್ಣಾದ ಜಾಗಕ್ಕೆ ಮುಲಾಮು ಹಚ್ಚುತ್ತಿರುತ್ತಾರೆ. ವಿಡಿಯೋದಲ್ಲಿ ಅದು ಬರುವುದಿಲ್ಲ. ಆ ಕೈಗಳು ಇಲ್ಲದ ಕಡೆ ಬಂಡಿ ದಾನ ಮಾಡುವುದು ಪುಣ್ಯದ ಕೆಲಸವಲ್ಲ.

ಮತ್ತೆ ಕೊಟ್ಟಿಗೆಯ ಮಾತು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 84 ಲಕ್ಷಕ್ಕೂ ಹೆಚ್ಚು ದನಗಳಿವೆ, ಎಮ್ಮೆ ಕೋಣಗಳು ಬೇರೆ. ಹಾಲು ಹೆಚ್ಚು ಕೊಡುವ ಮಿಶ್ರತಳಿಗಳು ಬಂದ ಮೇಲೆ ಹಾಲು ಜ್ವರ ಸಾಮಾನ್ಯವಾಗಿದೆ; ಮಣ್ಣಿನ ಕೊಟ್ಟಿಗೆ ಹೋಗಿ ಸಿಮೆಂಟಿನದು ಬಂದಿದೆ. ಸಾಲ ಮಾಡಿ ತಂದ ಒಂದೇ ಹಸು ನೆಲ ಹಿಡಿದರೆ ಆ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಈಗ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆಯಿದೆ. ವಾಹನ ಬರುತ್ತದೆ, ಬಾಟಲಿ ಏರುತ್ತದೆ, ವಾಹನ ಮುಂದಿನ ಊರಿಗೆ ಹೋಗಲೇಬೇಕು. ಮೂರು ಗಂಟೆಗೊಮ್ಮೆ ಹೊರಳಿಸಲು ವೈದ್ಯರು ಅಲ್ಲೇ ಕೂರಲಾರರು, ಕೂರಬೇಕಾಗಿಯೂ ಇಲ್ಲ. ಆ ಕೆಲಸ ಗೊತ್ತಿರುವ ಒಬ್ಬರು ಊರಲ್ಲಿದ್ದರೆ ಸಾಕು.

ಕಾನೂನು ಅದಕ್ಕೆ ಅಡ್ಡಿಯಲ್ಲ. ಪಶುವೈದ್ಯಕೀಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯೇ, ತರಬೇತಾದ ಇತರ ಸಿಬ್ಬಂದಿ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ನೀಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಹೊರಳಿಸುವುದು, ತಿಕ್ಕುವುದು, ಎತ್ತಿ ನಿಲ್ಲಿಸುವುದು ಆ ಪಟ್ಟಿಗೆ ಸೇರಬೇಕು. ಪ್ರತಿ ಹಾಲು ಉತ್ಪಾದಕರ ಸಂಘದಿಂದ ಇಬ್ಬರಿಗೆ ಇದನ್ನು ಕಲಿಸಬಹುದು. ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ, ಏಕೆಂದರೆ ಕೊಟ್ಟಿಗೆಯ ಕೆಲಸದ ಬಹುಪಾಲು ಅವರ ಕೈಯಲ್ಲೇ ಇದೆ. ಸಂಘದ ಕಟ್ಟಡದಲ್ಲಿ ಅಗಲ ಪಟ್ಟಿಯ ಎತ್ತುಜೋಳಿಗೆ, ರಾಟೆ, ಕಾಲಿಗೆ ಕಟ್ಟುವ ಮೆತ್ತನೆಯ ಪಟ್ಟಿ ಇಟ್ಟಿರಲಿ, ಬೇಕಾದವರು ಒಯ್ದು ತಂದಿಡಲಿ. ಸಂಚಾರಿ ವಾಹನದ ವೈದ್ಯರು ಔಷಧದ ಚೀಟಿಯಲ್ಲೇ ‘ಎಡ ಮಗ್ಗುಲು 6 ಗಂಟೆಗೆ, ಬಲ ಮಗ್ಗುಲು 9 ಗಂಟೆಗೆ, ಮತ್ತೆ ಎಡ 12 ಗಂಟೆಗೆ’ ಎಂದು ಬರೆದು ಕೊಟ್ಟರೆ ಮನೆಯವರು ಅದನ್ನೂ ಮದ್ದಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇಷ್ಟಕ್ಕೆ ಬೇಕಾಗುವ ಹಣ ಒಂದು ಗಾಜಿನ ತೊಟ್ಟಿಯ ಬೆಲೆಯ ಮುಂದೆ ಏನೇನೂ ಅಲ್ಲ, ಮತ್ತು ಇಲಾಖೆಯ ಮುಂದಿನ ಬಜೆಟ್ ಪ್ರಸ್ತಾವದಲ್ಲಿ ಇದಕ್ಕೊಂದು ಸಾಲು ಸೇರಿಸಲು ಯಾವ ಸಮಿತಿಯ ವರದಿಗೂ ಕಾಯಬೇಕಿಲ್ಲ.